ಪರೀಕ್ಷೆಯ ದಿನದ ವಾಂತಿ

ವಾಂತಿಯ ವಿಷಯ ಬರೆಯಲು ಯಾರಿಗೂ ಇಷ್ಟವಿರುವುದಿಲ್ಲ. ನನಗೂ ಇಲ್ಲ. ಆದರೆ ನನ್ನ ಓದಿನ ಕಥೆಯನ್ನು ಅದನ್ನು ಬಿಟ್ಟು ಹೇಳಲು ಬರುವುದಿಲ್ಲ. ಮಂಚೇನಹಳ್ಳಿಯ ಹತ್ತಿರದ ನಮ್ಮ ಊರಿನಲ್ಲಿ ನಾನು ವಾಂತಿ ಮಾಡಿಕೊಂಡೇ ಫಸ್ಟ್ ಬಂದವಳು. ಇದು ನನ್ನ ಮಾತಲ್ಲ, ನಮ್ಮಮ್ಮನ ಮಾತು. ಇವತ್ತಿಗೂ ಬಂದ ನೆಂಟರ ಮುಂದೆಲ್ಲ ಹೇಳುತ್ತಾಳೆ, ಅದೂ ಅವರು ಊಟಕ್ಕೆ ಕೂತಿರುವಾಗ.

ಶುರುವಾದದ್ದು ಏಳನೇ ಕ್ಲಾಸಿನಲ್ಲಿ. ಆಗ ಏಳಕ್ಕೂ ಪಬ್ಲಿಕ್ ಪರೀಕ್ಷೆ ಇತ್ತು. ಬೆಳಿಗ್ಗೆ ಅಮ್ಮ ಮೊಸರನ್ನ ತಿನ್ನಿಸಿ, ಹೊಸ ರಿಬ್ಬನ್ ಕಟ್ಟಿ ನಿಲ್ಲಿಸಿದ್ದಳು. ಮಂಚೇನಹಳ್ಳಿಗೆ ಹೋಗುವ ಬಸ್ಸಿನ ಹಾರನ್ ಕೇಳಿದ್ದೇ ತಡ, ಹೊಟ್ಟೆ ಮೇಲೆದ್ದು ಗಂಟಲಿಗೆ ಬಂತು. ಹಿತ್ತಲಿಗೆ ಓಡಿ, ರೇಷ್ಮೆ ಹುಳುವಿನ ಮನೆಯ ಗೋಡೆಗೆ ಕೈ ಕೊಟ್ಟು, ತಿಂದದ್ದನ್ನೆಲ್ಲ ಕಕ್ಕಿದೆ. ಅಪ್ಪ ಹೆದರಿ, ಇವತ್ತು ಕಳಿಸೋದು ಬೇಡ ಎಂದರು. ನಾನು ಅಳುತ್ತಲೇ ಹೋದೆ, ಬರೆದೆ. ಫಲಿತಾಂಶ ಬಂದಾಗ ಶಾಲೆಗೇ ಮೊದಲಿಗಳಾಗಿದ್ದೆ.

ಅಮ್ಮ ಅದಕ್ಕೊಂದು ಅರ್ಥ ಹಚ್ಚಿದಳು. "ಜನದ ದೃಷ್ಟಿಯೆಲ್ಲಾ ಮಗೀನ ಹೊಟ್ಟೇಲಿ ಕೂತಿತ್ತು. ಅದು ಆಚೆ ಬಿತ್ತು ನೋಡು, ತಲೆ ತಿಳಿಯಾಯ್ತು." ಮುಂದಿನ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ದಿನ ನನಗೆ ಏನೂ ಆಗಲಿಲ್ಲ. ಚೆನ್ನಾಗಿ ತಿಂದು ಹೋದೆ, ಮೂರನೆಯವಳಾಗಿ ಬಂದೆ. ನಮ್ಮ ಮನೆಯವರಿಗೆ ಅಷ್ಟು ಸಾಕ್ಷಿ ಸಾಕಾಯಿತು. ಆಮೇಲೆ ಪರೀಕ್ಷೆಯ ದಿನವೆಂದರೆ ನಾನು ಬಚ್ಚಲಿನಲ್ಲಿ ಬಗ್ಗಿ ನಿಲ್ಲುವುದು, ಅಮ್ಮ ಬಾಗಿಲಲ್ಲಿ ಚೊಂಬು ಹಿಡಿದು ಕಾಯುವುದು.

"ಆಯ್ತೇನೇ?"

"ಆಯ್ತಮ್ಮ."

"ಸರಿ, ಬಾಯಿ ಮುಕ್ಕಳಿಸ್ಕೊಂಡು ನಡಿ. ಫಸ್ಟ್ ಬರ್ತೀಯ."

ಕಾಫಿಪುಡಿ ಮುಗಿದಿದೆ ತರಬೇಕು ಎನ್ನುವ ದನಿಯಲ್ಲೇ ಇದನ್ನೂ ಹೇಳುತ್ತಿದ್ದಳು. ವಾಂತಿಯಾಗುವುದು ತಡವಾದರೆ ಅವಳ ಮುಖ ಸಪ್ಪಗಾಗುತ್ತಿತ್ತು. ಒಂದು ಸಲ ಅಕ್ಕಪಕ್ಕದವರು ಬಂದು, ಇನ್ನೂ ಆಗಲಿಲ್ಲವೇ ಎಂದು ವಿಚಾರಿಸಿದ್ದೂ ಉಂಟು. ಹೆರಿಗೆ ಮನೆಯ ಮುಂದೆ ನಿಂತ ಹಾಗೆ ನಿಂತಿದ್ದರು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಮ್ಮನನ್ನೂ ಪೂರ್ತಿ ಬೈಯಲು ಬಾಯಿ ಬರುವುದಿಲ್ಲ. ಅವಳನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹಾಕಿದ್ದರು. ನನ್ನ ಪುಸ್ತಕ ಅವಳಿಗೆ ಓದಲು ಬರುತ್ತಿರಲಿಲ್ಲ. ನನ್ನ ಪರೀಕ್ಷೆಯಲ್ಲಿ ಅವಳು ಮಾಡಬಹುದಾಗಿದ್ದ ಕೆಲಸ ಆ ಚೊಂಬು ಹಿಡಿಯುವುದು ಒಂದೇ.

ಎಸ್ಸೆಸ್ಸೆಲ್ಸಿಯಲ್ಲಿ ತಾಲ್ಲೂಕಿಗೆ ಮೊದಲಿಗಳಾದೆ. ನಮ್ಮ ಜನಾಂಗದ ಸಂಘದವರು ಗೌರಿಬಿದನೂರಿನ ಒಂದು ಕಲ್ಯಾಣ ಮಂಟಪದಲ್ಲಿ ಪ್ರತಿಭಾ ಪುರಸ್ಕಾರ ಇಟ್ಟರು. ಪ್ರತಿಭಾ ಪುರಸ್ಕಾರ ಎಂದರೆ ಗೊತ್ತಲ್ಲ, ಮಕ್ಕಳನ್ನು ಸಾಲಾಗಿ ಕುರ್ಚಿಯ ಮೇಲೆ ಕೂರಿಸಿ, ಹೆಗಲಿಗೆ ಸಿಲ್ಕಿನಂಥ ಶಾಲು ಹೊದಿಸಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು, ಚುನಾವಣೆಗೆ ನಿಲ್ಲುವವರು ಫೋಟೋ ತೆಗೆಸಿಕೊಳ್ಳುವುದು. ಅಪ್ಪನ ಕೈಗೆ ಮೈಕು ಕೊಟ್ಟು ಎರಡು ಮಾತು ಆಡಿ ಎಂದರು. ಅಪ್ಪ ಯಾವತ್ತೂ ಮೈಕು ಹಿಡಿದವರಲ್ಲ. ಬೆವರು ಒರೆಸಿಕೊಂಡು ಹೇಳಿದರು: "ನನ್ ಮಗಳು ಒಂದೊಂದು ಪರೀಕ್ಷೆಗೂ ವಾಂತಿ ಮಾಡ್ಕೊಂಡೇ ಹೋಗಿ ಬರ್ದವಳೆ. ಆ ಮಟ್ಟಕ್ಕೆ ಓದವಳೆ." ಇಡೀ ಮಂಟಪ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಮೈಕು ಕಿತ್ತುಕೊಂಡು, "ಶ್ರದ್ಧೆ ಅಂದ್ರೆ ಇದಪ್ಪಾ! ನೋಡಿ ಕಲ್ತ್ಕೊಳ್ಳಿ ಮಕ್ಕಳೇ" ಎಂದರು. ನನ್ನ ಪಕ್ಕದಲ್ಲಿ ಎರಡನೆಯ ಸ್ಥಾನದ ಹುಡುಗಿ ಕೂತಿದ್ದಳು. ಅವಳು ಕಿವಿಯ ಹತ್ತಿರ ಬಗ್ಗಿ, "ನಂಗೆ ವಾಂತಿ ಬರಲ್ಲ ಕಣೇ, ಬರೀ ಭೇದಿ ಆಗುತ್ತೆ" ಎಂದಳು. ಅದರಲ್ಲಿ ಹೊಟ್ಟೆಕಿಚ್ಚಿತ್ತು. ನನಗಂತೂ ಹೆಮ್ಮೆಯೇ ಆಯಿತು. ಥೂ! ಊಟಕ್ಕೆ ಪಾಯಸ ಇತ್ತು, ಇಬ್ಬರೂ ಮುಟ್ಟಲಿಲ್ಲ.

ಆಮೇಲೆ ಪಿಯುಸಿ, ಡಿಗ್ರಿ, ಎಂಎಸ್ಸಿ ಎಲ್ಲವೂ ಹಾಗೆಯೇ ನಡೆದವು. ಭೌತಶಾಸ್ತ್ರದ ಉಪನ್ಯಾಸಕಿಯಾದೆ. ಮದುವೆಯಾಯಿತು, ಒಬ್ಬಳು ಮಗಳು ಹುಟ್ಟಿದಳು. ಗಂಡನಿಗೆ ಚಿಂತಾಮಣಿಯಲ್ಲಿ ಕೆಲಸ, ಬೆಳಕು ಹರಿಯುವ ಹೊತ್ತಿಗೆ ಬಸ್ಸಿಗೆ ಹೊರಡುತ್ತಾರೆ. ನಾವಿರುವುದು ಚಿಕ್ಕಬಳ್ಳಾಪುರದಲ್ಲಿ. ಈಗ ಪರೀಕ್ಷೆ ಬರೆಯುವವಳು ನಾನಲ್ಲ, ಆದರೂ ವಾಂತಿ ನಿಲ್ಲಲಿಲ್ಲ. ಮೊದಲ ದಿನದ ಪಾಠಕ್ಕೆ, ಫಲಿತಾಂಶದ ದಿನಕ್ಕೆ, ಪ್ರಿನ್ಸಿಪಾಲರು ಕರೆದರೆ ಅದಕ್ಕೂ ಒಂದು. ಕಾಲೇಜಿನ ಶೌಚಾಲಯದಲ್ಲಿ ನಲ್ಲಿ ಜೋರಾಗಿ ಬಿಟ್ಟು ಸದ್ದಿಲ್ಲದೆ ಮುಗಿಸುವುದನ್ನು ಕಲಿತೆ. ಬಾಯಲ್ಲಿ ಏಲಕ್ಕಿ ಹಾಕಿಕೊಂಡು ಸ್ಟಾಫ್ ರೂಮಿಗೆ ಬಂದರೆ, "ಮೇಡಂ ಎಷ್ಟು ಕೂಲಾಗಿರ್ತಾರೆ ನೋಡಿ" ಎನ್ನುತ್ತಿದ್ದರು.

ಅಂಕ ಕೂಡಿಸಿದರೆ ಮೂರು ಸಲ ಕೂಡಿಸಬೇಕು. ಹಾಜರಿ ಪುಸ್ತಕ ಮುಚ್ಚಿ ಮತ್ತೆ ತೆರೆಯಬೇಕು. ಬೀರುವಿಗೆ ಬೀಗ ಹಾಕಿ ಬಸ್ ನಿಲ್ದಾಣದವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬರಬೇಕು. ಇದಕ್ಕೆಲ್ಲ ಕಾಲೇಜಿನಲ್ಲಿ ಕೊಟ್ಟ ಹೆಸರು 'ಪರ್ಫೆಕ್ಟ್'. ನನ್ನ ವಿಷಯದಲ್ಲಿ ಯಾರೂ ಫೇಲಾಗದ ವರ್ಷ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟಿದರು. ಮಕ್ಕಳ ಫೋಟೋಗಳ ಮೇಲೆ ನನ್ನದೂ ಒಂದು ಫೋಟೋ. ಆ ಮಕ್ಕಳ ಕಣ್ಣಿನ ಕೆಳಗೆ ಕಪ್ಪು, ತುಟಿ ಒಡೆದು ಬಿಳಿಚಿಕೊಂಡಿತ್ತು. ಅದರಲ್ಲಿ ಒಬ್ಬಳು ಪರೀಕ್ಷೆಗೆ ಮುಂಚೆ ಕೈಯ ಚರ್ಮ ಕಿತ್ತುಕೊಳ್ಳುತ್ತಿದ್ದದ್ದು ನನಗೆ ಗೊತ್ತಿತ್ತು. ನೋಡಿಯೂ ನಾನು ಅವಳಿಗೆ ಇನ್ನೊಂದು ಮಾದರಿ ಪ್ರಶ್ನೆಪತ್ರಿಕೆ ಕೊಟ್ಟಿದ್ದೆ. ಆ ಫ್ಲೆಕ್ಸ್ ಕೆಳಗೆ ನಿಂತು ಬಸ್ ಕಾಯಲು ನನಗೆ ಹೇಸಿಗೆಯಾಗುತ್ತಿತ್ತು. ಆದರೂ ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅಮ್ಮನಿಗೆ ತೋರಿಸಿದೆ. ನನ್ನ ಯೋಗ್ಯತೆ ಅಷ್ಟೇ.

ಎರಡು ವರ್ಷದ ಹಿಂದೆ ಶಿಡ್ಲಘಟ್ಟದ ಒಂದು ಪರೀಕ್ಷಾ ಕೇಂದ್ರದ ಉಸ್ತುವಾರಿ ನನಗೆ ಬಂತು. ಪ್ರತಿ ಕೋಣೆಗೆ ಇಷ್ಟಿಷ್ಟು ಪ್ರಶ್ನೆಪತ್ರಿಕೆಯ ಲಕೋಟೆ ಎಂದು ಎಣಿಸಿ, ಪಟ್ಟಿಗೆ ತಾಳೆ ಹಾಕಿ, ಕೋಣೆಯ ಮೇಲ್ವಿಚಾರಕರಿಗೆ ಕೊಡಬೇಕು. ಎಣಿಸಿದೆ, ಸರಿಯಿತ್ತು. ಮತ್ತೆ ಎಣಿಸಿದೆ. ಸರಿಯಿದೆ ಎಂದು ಕಣ್ಣು ಹೇಳುತ್ತಿತ್ತು, ಕೈ ಕೇಳಲಿಲ್ಲ. ಮೂರನೆಯ ಸಲ, ನಾಲ್ಕನೆಯ ಸಲ. ಮೊದಲ ಗಂಟೆ ಹೊಡೆಯಿತು. ಮೇಲ್ವಿಚಾರಕರು ಬಾಗಿಲಲ್ಲಿ ಗುಂಪಾಗಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಲಕೋಟೆಗಳನ್ನು ಎದೆಗೊತ್ತಿಕೊಂಡು ಕೂತುಬಿಟ್ಟೆ. ಕೊನೆಗೆ ಅಲ್ಲಿನ ಅಟೆಂಡರ್, ವಯಸ್ಸಾದ ಹೆಂಗಸು, ಹತ್ತಿರ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಕೊಡಮ್ಮ ಇಲ್ಲಿ. ಮಕ್ಳು ಕಾಯ್ತಾವೆ. ನೀವು ಸ್ವಲ್ಪ ನೀರು ಕುಡೀರಿ." ಪರೀಕ್ಷೆ ತಡವಾಗಿ ಶುರುವಾಯಿತು. ಯಾರೂ ನನ್ನ ಮೇಲೆ ದೂರು ಕೊಡಲಿಲ್ಲ. ಮೇಡಂ ಅಷ್ಟು ಕಟ್ಟುನಿಟ್ಟು ಎಂದು ಮಾತಾಡಿಕೊಂಡರಂತೆ. ಅದನ್ನು ಕೇಳಿದಾಗ ನನಗೆ ಮೊದಲ ಬಾರಿ ಹೊಗಳಿಕೆಯಿಂದಲೇ ಓಕರಿಕೆ ಬಂತು.

ಮುಂದಿನ ವಾರ ಆಸ್ಪತ್ರೆಗೆ ಹೋದೆ, ಮಾನಸಿಕ ಕಾಯಿಲೆಯ ವಿಭಾಗಕ್ಕೆ. ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣಿನ ಡಾಕ್ಟರ ಬಾಗಿಲ ಮುಂದೆ ಕೂತು, ನನ್ನ ಸರದಿ ಬಂದಾಗ ಸರಕ್ಕನೆ ಆ ಕಡೆಯ ಬಾಗಿಲಿಗೆ ನುಗ್ಗಿದೆ. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಾವಾಗಿನಿಂದ ಎಂದು ಕೇಳಿದರು. ಏಳನೇ ಕ್ಲಾಸಿನಿಂದ ಎಂದೆ. ಪೆನ್ನು ಕೆಳಗಿಟ್ಟು ಪೂರ್ತಿ ಕಥೆ ಕೇಳಿಸಿಕೊಂಡರು.

"ನೀವು ಓದಿದ್ರಿ, ಅದಕ್ಕೆ ಮಾರ್ಕ್ಸ್ ಬಂತು ಮೇಡಂ. ಹೆಸರು ಮಾತ್ರ ವಾಂತಿಗೆ ಹೋಯ್ತು" ಎಂದರು. "ಹೆದರಿಕೆ ಎಲ್ಲರಿಗೂ ಬರುತ್ತೆ, ಬಂದಷ್ಟೇ ಬೇಗ ಇಳಿಯುತ್ತೆ. ನೀವು ಅದು ಇಳಿಯೋಕೇ ಬಿಟ್ಟಿಲ್ಲ. ವಾಂತಿ ಮಾಡಿ, ಎಣಿಸಿ, ವಾಪಸ್ ಹೋಗಿ ಬೀಗ ನೋಡಿ, ಪ್ರತಿ ಸಲ ಅದಕ್ಕೆ ಊಟ ಹಾಕಿದ್ದೀರ. ಹಾಕಿದವರ ಮನೆಗೇ ಅದು ಬರುತ್ತೆ."

ಕೆಲವು ತಿಂಗಳಿಗೆ ಮಾತ್ರೆ ಬರೆದರು. ಅದಕ್ಕಿಂತ ಕಷ್ಟದ್ದು ಅವರು ಹೇಳಿದ ಅಭ್ಯಾಸ. ಒಂದೇ ಸಲ ಕೂಡಿಸಬೇಕು. ಮತ್ತೆ ಕೂಡಿಸು ಎಂದು ಕೈ ಚಡಪಡಿಸಿದರೆ ಕೂತಲ್ಲೇ ಕೂತು, ಆ ಚಡಪಡಿಕೆ ತಾನಾಗಿ ಕಡಿಮೆಯಾಗುವವರೆಗೆ ಏನೂ ಮಾಡದೆ ಇರಬೇಕು. ಹೆದರಿಕೆಯಾಗುವ ದಿನವೇ ಬೆಳಗಿನ ತಿಂಡಿ ತಿನ್ನಬೇಕು. ಎಷ್ಟು ಹೊತ್ತಿಗೆ ಕಡಿಮೆಯಾಯಿತು ಎಂದು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ನಾನು ಹದಿನೈದು ದಿನ ಬಿಟ್ಟು ಹೋದಾಗ ಆ ಪುಸ್ತಕಕ್ಕೆ ಬ್ರೌನ್ ಪೇಪರ್ ಹಾಕಿ, ಕೆಂಪು ಶಾಯಿಯಲ್ಲಿ ಕೋಷ್ಟಕ ಎಳೆದು, ಪ್ರತಿ ಪುಟದ ಕೆಳಗೆ ಸರಾಸರಿ ಬರೆದಿದ್ದೆ. ಅದನ್ನು ಹಿಂದಿನ ದಿನ ಎರಡು ಸಲ ಕಾಪಿ ಮಾಡಿದ್ದೆ. ಡಾಕ್ಟರು ಪುಟ ತಿರುವಿ ನಕ್ಕುಬಿಟ್ಟರು.

"ಇದರಲ್ಲೂ ರ‍್ಯಾಂಕ್ ಬೇಕಾ ಮೇಡಂ?"

ನಗು ಬರಲಿಲ್ಲ, ಸಿಟ್ಟು ಬಂತು. ಬಸ್ಸಿನಲ್ಲಿ ಬರುವಾಗ ಆ ಪುಸ್ತಕ ನೋಡಿದರೆ ನನ್ನ ಮೇಲೇ ಅಸಹ್ಯವಾಯಿತು. ಕಾಯಿಲೆ ವಾಸಿ ಮಾಡಿಕೊಳ್ಳುವುದರಲ್ಲೂ ಟೀಚರ ಮೆಚ್ಚುಗೆ ಬೇಡುತ್ತಿದ್ದೇನೆ. ಮುಂದಿನ ಸಲ ಹಾಳೆಯ ಹಿಂದೆ ಗೀಚಿಕೊಂಡು ಹೋದೆ. ನಿಧಾನವಾಗಿ ಅಂಕಗಳನ್ನು ಒಂದೇ ಸಲ ಕೂಡಿಸುವುದು ಬಂತು. ವಾಂತಿ ವಾರಕ್ಕೊಮ್ಮೆಗೆ, ತಿಂಗಳಿಗೊಮ್ಮೆಗೆ ಇಳಿಯಿತು. ಆಸ್ಪತ್ರೆಯ ವಿಷಯ ಮನೆಯಲ್ಲಿ ಗಂಡನಿಗೆ ಮಾತ್ರ ಗೊತ್ತಿತ್ತು. ಅಮ್ಮನಿಗೆ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಹೇಳದೆ ಇದ್ದದ್ದೇ ನಾನು ಮಾಡಿದ ದೊಡ್ಡ ತಪ್ಪು.

ಮಗಳು ನನ್ನಂಥವಳಲ್ಲ. ಹಾಸಿಗೆಗೆ ಬಿದ್ದರೆ ನಿದ್ದೆ, ತಟ್ಟೆ ಮುಂದಿಟ್ಟರೆ ಊಟ. ಥ್ರೋಬಾಲ್ ಆಡುತ್ತಾಳೆ. ಎಂಬತ್ತರ ಆಸುಪಾಸು ಅಂಕ ತೆಗೆದು, ಸಾಕಲ್ಲಮ್ಮ ಎನ್ನುತ್ತಾಳೆ. ಇಂಥ ಮಗು ಸಿಕ್ಕಿದ್ದಕ್ಕೆ ನಾನು ಸಂತೋಷಪಡಬೇಕಿತ್ತು. ನನಗೆ ಅವಳ ನೆಮ್ಮದಿ ನೋಡಿದರೆ ಮೈ ಉರಿಯುತ್ತಿತ್ತು. ಎಸ್ಸೆಸ್ಸೆಲ್ಸಿಯ ಪ್ರಿಪರೇಟರಿ ಪರೀಕ್ಷೆಯ ಬೆಳಿಗ್ಗೆ ಅವಳು ಮೂರನೆಯ ದೋಸೆ ಕೇಳಿದಾಗ ನನ್ನ ಬಾಯಿಂದ ಮಾತು ಬಿದ್ದೇಬಿಟ್ಟಿತು. "ನಿಂಗೆ ಸ್ವಲ್ಪಾನೂ ಭಯ ಇಲ್ವೇನೇ? ನಿನ್ನ ವಯಸ್ಸಲ್ಲಿ ಪರೀಕ್ಷೆ ದಿನ ನಂಗೆ ನೀರೂ ಇಳೀತಿರ್ಲಿಲ್ಲ." ಅವಳು ದೋಸೆ ಬೇಡ ಎಂದು ಎದ್ದು ಹೋದಳು. ಮಾತ್ರೆ ನುಂಗಿ, ಡಾಕ್ಟರ ಮುಂದೆ ಕೂತು ಕಲಿತುಬಂದ ಹೆಂಗಸು ನಾನು! ಆ ಮಾತು ಆಡಿದ್ದು ಅವಳ ಒಳ್ಳೆಯದಕ್ಕೇ ಎಂದು ಅವತ್ತು ಸಮಾಧಾನ ಹೇಳಿಕೊಂಡೆ.

ಪಬ್ಲಿಕ್ ಪರೀಕ್ಷೆಗೆ ಅಡುಗೆಯ ಸಹಾಯಕ್ಕೆಂದು ಅಮ್ಮ ಊರಿನಿಂದ ಬಂದಳು. ಒಂದು ಚೀಲ ತರಕಾರಿ, ಇನ್ನೊಂದು ಚೀಲ ಹಳೆಯ ಕಥೆ. ಸಂಜೆ ಹೊತ್ತು ಮೊಮ್ಮಗಳ ಪಕ್ಕ ಕೂತು, ನಿಮ್ಮಮ್ಮ ಹೇಗೆ ಓದುತ್ತಿದ್ದಳು ಗೊತ್ತಾ ಎಂದು ಶುರು ಹಚ್ಚುತ್ತಿದ್ದಳು. ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಸುಮ್ಮನಿರಮ್ಮ ಎನ್ನಬೇಕಿತ್ತು. ನನ್ನ ಹೊಗಳಿಕೆ ಕೇಳುತ್ತಾ ಹುರುಳಿಕಾಯಿ ಹೆಚ್ಚುತ್ತಿದ್ದೆ.

ಗಣಿತದ ದಿನ ಬೆಳಿಗ್ಗೆ ಇಡ್ಲಿ ಬೇಯುತ್ತಿತ್ತು. ಬಚ್ಚಲಿನಿಂದ ಓಕರಿಸುವ ಸದ್ದು ಬಂತು. ಓಡಿದೆ. ಬಾಗಿಲ ಮುಂದೆ ಅಮ್ಮ ಚೊಂಬು ಹಿಡಿದು ನಿಂತಿದ್ದಳು. ಮುಖ ಹಬ್ಬದ ದಿನದ ಹಾಗಿತ್ತು. "ಬಂತು ಕಣೇ, ಇವಳಿಗೂ ಬಂತು! ಎಷ್ಟೇ ಆಗಲಿ ನಿನ್ನ ಹೊಟ್ಟೇಲಿ ಹುಟ್ಟಿದ್ದಲ್ವಾ. ನನ್ ಬಂಗಾರು ತಲ್ಲಿ, ನನ್ ಬಂಗಾರ!"

ಈಗ ಬರೆಯುತ್ತಿರುವುದನ್ನು ನಾನು ಡಾಕ್ಟರಿಗೂ ಹೇಳಿಲ್ಲ. ಆ ಸದ್ದು ಕೇಳಿ ನನಗೆ ಖುಷಿಯಾಯಿತು. ಒಂದೇ ಒಂದು ಗಳಿಗೆ, ಎದೆಯಿಂದ ಭಾರ ಇಳಿದಂತಾಗಿ, ಪರವಾಗಿಲ್ಲ ಇವಳೂ ಫಸ್ಟ್ ಬರುತ್ತಾಳೆ ಎಂದುಕೊಂಡೆ. ಮೂವತ್ತು ವರ್ಷ ಒದ್ದಾಡಿದ ಕಾಯಿಲೆ ಮಗಳಿಗೂ ಹತ್ತಿತು ಎಂದು ಹಿಗ್ಗಿದ ತಾಯಿ ನಾನು. ಬದುಕಿನಲ್ಲಿ ಅದಕ್ಕಿಂತ ಹೊಲಸಾದದ್ದನ್ನು ನಾನು ಯೋಚಿಸಿಲ್ಲ.

ಬಾಗಿಲು ತಳ್ಳಿದೆ. ಚಿಲಕ ಹಾಕಿರಲಿಲ್ಲ. ಮಗಳು ಯೂನಿಫಾರ್ಮಿನಲ್ಲೇ ಬಗ್ಗಿ ನಿಂತಿದ್ದಳು. ಎರಡು ಬೆರಳು ಗಂಟಲಿನೊಳಗಿದ್ದವು. ಕಣ್ಣು ಕೆಂಪಗೆ, ನೀರು ಸುರಿಯುತ್ತಿತ್ತು. ನೆಲದ ಮೇಲೆ ಏನೂ ಇರಲಿಲ್ಲ, ಬರೀ ಎಂಜಲು.

"ಬರ್ತಾನೇ ಇಲ್ಲಮ್ಮ" ಎಂದಳು. "ಎಷ್ಟು ಟ್ರೈ ಮಾಡಿದ್ರೂ ಬರ್ತಿಲ್ಲ. ಈಗೇನ್ಮಾಡ್ಲಿ? ಟೈಮ್ ಆಯ್ತು."

ನಲ್ಲಿಯ ಕೆಳಗೆ ಅವಳ ಕೈ ಹಿಡಿದು ತೊಳೆದೆ. ಬೆರಳ ಗೆಣ್ಣಿನ ಮೇಲೆ ಹಲ್ಲು ತಾಗಿದ ಗುರುತು. ಒಂದು ಹೊಸದು, ಅದರ ಪಕ್ಕದಲ್ಲಿ ಒಣಗಿ ಕಪ್ಪಾದ ಎರಡು.

"ಯಾವಾಗಿಂದ ಪುಟ್ಟಾ?"

"ಪ್ರಿಪರೇಟರಿಯಿಂದ. ಭಯ ಇಲ್ವಾ ಅಂತ ಕೇಳಿದ್ಯಲ್ಲ, ಅವತ್ತಿಂದ." ಆಮೇಲೆ ಸಣ್ಣ ದನಿಯಲ್ಲಿ, "ನಂಗೆ ನಿಜವಾಗ್ಲೂ ಭಯ ಆಗಲ್ಲಮ್ಮ. ಏನೋ ಸರಿಯಿಲ್ಲ ನಂಗೆ" ಎಂದಳು.

ಸರಿಯಿರುವ ಮಗುವಿಗೆ ತಾನು ಸರಿಯಿಲ್ಲ ಎನ್ನಿಸುವ ಹಾಗೆ ಮಾಡಿದ್ದೆವು, ಇಬ್ಬರು ಹೆಂಗಸರು ಸೇರಿ. ಅಮ್ಮ ಹಿಂದಿನಿಂದ, "ಇನ್ನೊಂದ್ಸಲ ನೋಡು ಕಂದಾ, ಬರುತ್ತೆ" ಎನ್ನುತ್ತಿದ್ದಳು. ನಾನು ಅಮ್ಮನ ಕೈಯಿಂದ ಚೊಂಬು ಕಿತ್ತುಕೊಂಡು ಹಿತ್ತಲಿಗೆ ಎಸೆದೆ. ಅಷ್ಟು ಜೋರಾಗಿ ಅವಳ ಮುಂದೆ ನಾನು ಏನನ್ನೂ ಎಸೆದವಳಲ್ಲ.

"ನಂಗಿದ್ದಿದ್ದು ಕಾಯಿಲೆ. ಆಸ್ಪತ್ರೆಗೆ ಹೋಗಿ ಮಾತ್ರೆ ತಿಂದು ಗುಣ ಮಾಡ್ಕೊಳ್ತಾ ಇದೀನಿ. ದೃಷ್ಟಿಯೂ ಅಲ್ಲ, ಶ್ರದ್ಧೆಯೂ ಅಲ್ಲ, ಕಾಯಿಲೆ."

"ಯಾವ ಕಾಯಿಲೇನೇ? ಅದರಿಂದಾನೇ ಅಲ್ವಾ ನಿಂಗೆ ಈ ನೌಕರಿ ಬಂದಿದ್ದು?" ಅಮ್ಮನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಓದಿದ್ದಕ್ಕೆ ಬಂತಮ್ಮ. ಅದಿಲ್ದೇ ಇದ್ದಿದ್ರೂ ಬರ್ತಿತ್ತು."

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಅಡುಗೆಮನೆಗೆ ಹೋದಳು. ಇಡ್ಲಿ ತಟ್ಟೆ ಇಳಿಸಿದ ಸದ್ದು ಕೇಳಿಸಿತು. ಅವಳನ್ನು ನೋಯಿಸಿದೆ ಎಂದು ಗೊತ್ತಾಯಿತು. ನನಗೆ ಕರುಣೆ ಬರಲಿಲ್ಲ, ಅದು ಬಂದದ್ದು ಎರಡು ದಿನ ಬಿಟ್ಟು.

ಮಗಳನ್ನು ಊಟದ ಮೇಜಿಗೆ ಕೂರಿಸಿದೆ. ತಟ್ಟೆಯಲ್ಲಿ ನಾಲ್ಕು ಇಡ್ಲಿ, ಚಟ್ನಿ. ಅವಳು ಇಡ್ಲಿ ನೋಡಿದಳು, ನನ್ನ ಮುಖ ನೋಡಿದಳು.

"ತಿಂದ್ರೆ ಪರವಾಗಿಲ್ವಾ?" ಎಂದು ಕೇಳಿದಳು.

ಹೂಂ ಎಂದೆ. ಅವಳು ಮೊದಲ ತುತ್ತು ಹೆದರಿ ಹೆದರಿ ಬಾಯಿಗಿಟ್ಟಳು. ಎರಡನೆಯ ಇಡ್ಲಿಯ ಹೊತ್ತಿಗೆ ಅವಳ ಹಸಿವು ಅವಳಿಗೆ ವಾಪಸು ಬಂತು. ಗಂಟಲು ಉರಿಯುತ್ತಿದೆ ಎಂದಳು, ಆದರೂ ಬಿಡಲಿಲ್ಲ. ಅಮ್ಮ ಬಂದು ಇನ್ನೆರಡು ಬಡಿಸಿ ಹೋದಳು.

ಪರೀಕ್ಷಾ ಕೇಂದ್ರದ ಗೇಟಿನ ಮುಂದೆ ತಾಯಂದಿರ ಗುಂಪಿತ್ತು. ಮಗಳು ಕೈ ಬೀಸಿ ಒಳಗೆ ಹೋದಳು. ನಮ್ಮ ಬೀದಿಯ ಹೆಂಗಸೊಬ್ಬಳು ನನ್ನ ಪಕ್ಕಕ್ಕೆ ಬಂದು, ತನ್ನ ಮಗಳ ಕಡೆ ಕೈ ತೋರಿಸಿದಳು. "ನಿನ್ನೆ ಮಧ್ಯಾಹ್ನದಿಂದ ಒಂದು ತೊಟ್ಟು ನೀರೂ ಮುಟ್ಟಿಲ್ಲ ಮೇಡಂ ನಮ್ಮವಳು. ಅಷ್ಟು ಟೆನ್ಷನ್. ಅಷ್ಟು ಸೀರಿಯಸ್ಸು." ಹೇಳುವಾಗ ಅವಳ ಮುಖ ಅರಳಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು. "ನಿಮ್ಮವಳು ಹೇಗೆ? ನಿಮ್ಮ ಮಗಳಲ್ವಾ, ಏನೂ ತಿಂದಿರಲ್ಲ ಪಾಪ."

"ತಿಂದಳು" ಎಂದೆ.

ಅವಳು ಅಯ್ಯೋ ಎನ್ನುವ ಹಾಗೆ ನನ್ನನ್ನು ನೋಡಿದಳು. ಇಷ್ಟೆಲ್ಲ ಆದಮೇಲೂ, ಅವತ್ತು ಬೆಳಿಗ್ಗೆಯೇ ಅಷ್ಟೆಲ್ಲ ಆದಮೇಲೂ, ನನಗೆ ನಾಚಿಕೆಯಾಯಿತು. ಕಿವಿ ಬಿಸಿಯಾಯಿತು. ಮಗಳು ಹೊಟ್ಟೆ ತುಂಬ ತಿಂದು ಬಂದಳೆಂದು ನಾಚಿಕೆ! ಸ್ವಲ್ಪ ಮಾತ್ರ ತಿಂದಳು, ಬಲವಂತಕ್ಕೆ ತಿಂದಳು ಎಂದು ಸೇರಿಸಲು ನಾಲಿಗೆ ತುದಿಗೆ ಬಂದುಬಿಟ್ಟಿತ್ತು. ಏನೂ ಸೇರಿಸದೆ ನಿಂತೆ. ಬಿಸಿ ಕಿವಿಯಿಂದ ಕುತ್ತಿಗೆಗೆ ಇಳಿಯಿತು, ನಿಂತೇ ಇದ್ದೆ. ಒಳಗೆ ಗಂಟೆ ಹೊಡೆಯಿತು.

"ಆರು ಇಡ್ಲಿ" ಎಂದೆ, ಸುತ್ತಲಿನವರಿಗೂ ಕೇಳುವಷ್ಟು ಜೋರಾಗಿ. "ಎರಡು ಸಲ ಚಟ್ನಿ ಹಾಕಿಸ್ಕೊಂಡಳು."